ತಮ್ಮನನ್ನು ಎತ್ತಿಕೊಂಡು ಕಲಿತ ಏಳನೇ ಇಯತ್ತೆ

ತಮ್ಮ ತೀರಿಕೊಂಡು ವರ್ಷ ತುಂಬಿದ ದಿನ, ಅವನ ಜೊತೆ ಕೆಲಸ ಮಾಡಿದ ಕೆಲವು ಮಾಸ್ತರರು ಹುಕ್ಕೇರಿಗೆ, ನಮ್ಮ ಮನೆಗೆ ಬಂದಿದ್ದರು. ಊಟಕ್ಕೆ ಮೊದಲು ಪಡಸಾಲೆಯಲ್ಲಿ ಕೂತು ಅವನ ಸುದ್ದಿ ತೆಗೆದರು. ಇಪ್ಪತ್ತೆರಡು ತುಂಬದ ಹುಡುಗ, ನೌಕರಿ ಹಿಡಿದು ಬಹಳ ದಿನವೂ ಆಗಿರಲಿಲ್ಲ. ಹೇಳಿಕೊಳ್ಳಲು ಅವರಿಗೆ ಹೆಚ್ಚೇನೂ ಇರಲಿಲ್ಲ. ಅಕ್ಷರ ಚಂದವಿತ್ತು ಎಂದರು. ಮಕ್ಕಳನ್ನು ಹೊಡೆಯುತ್ತಿರಲಿಲ್ಲ ಎಂದರು. ಒಬ್ಬರು, "ಏಳನೇ ವರ್ಷಕ್ಕ ಸಾಲಿಗಿ ಬಂದೆ, ತಡಾ ಆತು ಅಂತ ಯಾವಾಗ್ಲೂ ಅಂತಿದ್ದ" ಎಂದರು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಹಾಗಲ್ಲ, ಅವನು ಶಾಲೆಗೆ ಬಂದದ್ದು ಎರಡೂವರೆ ವರ್ಷದವನಿದ್ದಾಗ, ನನ್ನ ಸೊಂಟದ ಮೇಲೆ, ಎಂದು ಹೇಳಬೇಕೆನಿಸಿತು. ಒಲೆಯ ಮುಂದಿನಿಂದ ಏಳಲಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತವರು ಮೂಡಲಗಿ. ಕುರಿ ಕಾಯುವ ಮನೆತನ. ದಸರೆ ದಾಟಿತೆಂದರೆ ಅಪ್ಪ, ಕಾಕಾ ಹಿಂಡು ಹೊಡೆದುಕೊಂಡು ಹೊರಟುಬಿಡುವರು; ತಿರುಗಿ ಅವರ ಮುಖ ಕಾಣುವುದು ಮುಂಗಾರಿನ ಹೊತ್ತಿಗೆ. ಅವ್ವ ಕೂಲಿಗೆ ಹೋಗುವಳು. ಅಜ್ಜಿಗೆ ಕಣ್ಣು ಮಂಜು. ತಮ್ಮ ಮೊಲೆ ಬಿಟ್ಟ ದಿನದಿಂದ ನನ್ನ ಪಾಲಿಗೆ ಬಂದ. ಸ್ವಾತಂತ್ರ್ಯ ಬಂದು ಇನ್ನೂ ಬಹಳ ವರ್ಷವಾಗಿರಲಿಲ್ಲ, ನಮ್ಮ ಕಡೆಯೆಲ್ಲ ಮುಂಬೈ ಪ್ರಾಂತಕ್ಕೆ ಸೇರಿತ್ತು. ಏಳನೇ ಇಯತ್ತೆಯ ಕೊನೆಗೆ ಮುಲ್ಕಿ ಪರೀಕ್ಷೆ. ಅದನ್ನು ಪಾಸಾದವರಿಗೆ ಮಾಸ್ತರಿಕೆ ಸಿಗುತ್ತಿತ್ತು. ಇಡೀ ಇಯತ್ತೆಯಲ್ಲಿ ಹುಡುಗಿ ಎಂದರೆ ನಾನೊಬ್ಬಳೇ.

ಆ ವರ್ಷ ಹಿಂಡು ಹೊರಡುವ ಮುಂಜಾನೆ ಅವ್ವ ಅಪ್ಪನಿಗೆ ಹೇಳಿದಳು: "ಇನ್ನ ಈಕಿ ಸಾಲಿ ಬಿಡಸ್ರಿ. ಕೂಸಿನ್ನ ನೋಡೋರು ಯಾರು?"

ಅಪ್ಪ ಕುದುರೆಯ ಮೇಲೆ ಹೇರು ಬಿಗಿಯುತ್ತಿದ್ದ. "ಕೂಸಿನ್ನ ತಗೊಂಡ ಹೋಗ್ಲಿ. ಸಾಲ್ಯಾಗ ಏನ ಹುಲಿ ಅದಾವೇನು?"

"ಮಾಸ್ತರು ಬ್ಯಾಡಂದ್ರ?"

"ಬ್ಯಾಡಂದ್ರ ಬಿಡ್ಲಿ. ಮುಲ್ಕಿ ಪಾಸಾದ್ಲಂದ್ರ ಮುಂದಿಂದ ನೋಡೂಣು. ಇಲ್ಲಂದ್ರ ಹುಕ್ಕೇರಿಯವರು ಕೇಳಾಕತ್ತಾರ, ಕೊಟ್ಟ ಬಿಡೂಣು."

ಮಾತು ಅಷ್ಟಕ್ಕೇ ಮುಗಿಯಿತು. ಪಾಸಾದರೆ ನಾನು ಅಕ್ಕೋರು ಆಗಬಹುದು. ಕಲಿಸುವ ಹೆಂಗಸರನ್ನು ನಮ್ಮಲ್ಲಿ ಹಾಗೆ ಕರೆಯುತ್ತಿದ್ದರು. ಪಾಸಾಗದಿದ್ದರೆ ಮದುವೆ. ದೀಪಾವಳಿ ಸೂಟಿ ಮುಗಿದು ಶಾಲೆ ತೆರೆದ ದಿನ ತಮ್ಮನನ್ನು ಎತ್ತಿಕೊಂಡು, ಕಂಕುಳಲ್ಲಿ ಪಾಟಿ ಹಿಡಿದು ಬಾಗಿಲಲ್ಲಿ ನಿಂತೆ.

ಏಳನೇ ಇಯತ್ತೆಗೆ ಹೆಡ್‌ಮಾಸ್ತರರೇ ಕಲಿಸುತ್ತಿದ್ದರು. ಕರಿ ಟೊಪ್ಪಿಗೆ, ಮಾಸಿದ ಕೋಟು, ನಶ್ಯದ ಡಬ್ಬಿ. ಅವರು ನನ್ನನ್ನೂ ಕೂಸನ್ನೂ ಬಹಳ ಹೊತ್ತು ನೋಡಿದರು.

"ಇಂವಾ ಯಾವ ಇಯತ್ತೇವ್ವಾ?"

ಹುಡುಗರು ನಕ್ಕರು. ನಾನು ನೆಲ ನೋಡಿದೆ.

"ಕೂಡು. ಅತ್ತ ಅಂದ್ರ ಮಾತ್ರ ಇಬ್ಬರೂ ಹೊರಗ ನೋಡು."

ಹೀಗೆ ಆ ಸತ್ರ, ಶಾಲೆಯ ವರ್ಷದ ಎರಡನೇ ಅರ್ಧ, ಸುರುವಾಯಿತು. ಕಂಬಳಿಯ ಒಂದು ತುಂಡು ಹಾಸಿ ತಮ್ಮನನ್ನು ಬಾಜೂಕ್ಕೆ ಕೂರಿಸಿಕೊಳ್ಳುತ್ತಿದ್ದೆ. ಸೀರೆಯ ಹರಕಿನಿಂದ ಅವನ ಸೊಂಟಕ್ಕೆ ಒಂದು ಗಂಟು, ಇನ್ನೊಂದು ತುದಿ ನನ್ನ ಕಾಲಿನ ಹೆಬ್ಬೆರಳಿಗೆ. ಮಡಿಲಲ್ಲಿ ಚುರಮರಿ. ಪಾಠ ನಡೆದಾಗ ಒಂದೊಂದೇ ಕಾಳು ಅವನ ಅಂಗೈಗೆ ಹಾಕುವುದು ನನ್ನ ಎಡಗೈಯ ಕೆಲಸ, ಬರೆಯುವುದು ಬಲಗೈಯ ಕೆಲಸ. ಹುಡುಗರು ನನಗೆ "ಅವ್ವಾ" ಎಂದು ಅಡ್ಡಹೆಸರಿಟ್ಟರು. "ಏ ಅವ್ವಾ, ನಿನ್ನ ಮಗಾ ಘಟಪ್ರಭಾ ಹರಿಸ್ಯಾನ ನೋಡು!" ಎಂದು ಭೂಗೋಳದ ತಾಸಿನಲ್ಲಿ ಒಬ್ಬ ಕೂಗಿದ್ದ. ಅಂದು ಮಾಸ್ತರರೂ ಕೋಟಿನ ತೋಳಿನಲ್ಲಿ ಬಾಯಿ ಮುಚ್ಚಿಕೊಂಡರು. ಹಾಜರಿ ಕೂಗುವಾಗ ಎಲ್ಲರೂ "ಹಾಜರ್ರಿ" ಎನ್ನುವುದನ್ನು ಕೇಳಿ ಕೇಳಿ ತಮ್ಮ ಪ್ರತಿ ಹೆಸರಿಗೂ "ಹಾಜಲ್ಲಿ" ಎನ್ನತೊಡಗಿದ. ಬಾರದೆ ಉಳಿದವರಿಗೂ ಅವನದೇ ಉತ್ತರ.

ಅವನು ಅಳಬಾರದಿತ್ತು. ಹಾಗಾಗಿ ಅಳುವಿನ ಮೊದಲೇ ಏಳುವುದನ್ನು ಕಲಿತೆ. ಹಸಿವಿಗೆ ಮೂಗಿನಲ್ಲಿ ಒಂದು ಸಣ್ಣ ದನಿ ಬರುತ್ತಿತ್ತು. ನಿದ್ದೆಗೆ ಬೇರೆ. ಇರುವೆ ಕಚ್ಚಿದರೆ ಒಂದು ಕ್ಷಣ ಉಸಿರೇ ಇರುತ್ತಿರಲಿಲ್ಲ, ಆಮೇಲೆ ಚೀರಾಟ. ಆ ಕ್ಷಣದಲ್ಲೇ ನಾನು ಅವನನ್ನು ಎತ್ತಿಕೊಂಡು ಅಂಗಳದಲ್ಲಿರುತ್ತಿದ್ದೆ. ಕಿಟಕಿಯ ಹೊರಗೆ ನಿಂತು ಅವನನ್ನು ತಟ್ಟುತ್ತ ಅಪೂರ್ಣಾಂಕ ಕಲಿತೆ. ಟಕಳಿಯಲ್ಲಿ ನೂಲು ತೆಗೆಯುವಾಗ ಅದು ತಿರುಗುವುದನ್ನು ನೋಡುತ್ತ ಅವನು ಮಲಗಿಬಿಡುತ್ತಿದ್ದ. ಆ ತಾಸು ನನಗೆ ಹಬ್ಬ.

ಚಳಿ ಬಿದ್ದ ದಿನಗಳಲ್ಲಿ ವಾಚನದಲ್ಲಿ ನಕ್ಷತ್ರಗಳ ಪಾಠ ಬಂತು. ಮಾಸ್ತರರು ಪುಸ್ತಕ ಮುಚ್ಚಿ ಹೇಳಿದರು: "ಇವತ್ತ ದೀಪ ಹಚ್ಚೂ ಹೊತ್ತಿಗಿ ಎಲ್ಲಾರೂ ಮಾಳಿಗಿ ಹತ್ರಿ. ಕಂಡದ್ದ ಬರೀರಿ. ಪುಸ್ತಕದಾಗಿಂದ ಬರದ್ರ ನನಗ ಗೊತ್ತ ಆಗತೈತಿ."

ತಮ್ಮನನ್ನು ಸೊಂಟಕ್ಕೇರಿಸಿ ನಿಚ್ಚಣಿಕೆ ಹತ್ತಿದೆ. ಕೆಳಗಿನಿಂದ ಅಜ್ಜಿ, "ಅಂಚಿಗಿ ಹೋಗಬ್ಯಾಡ್ರಿ, ಕೆಳಗ ಬಿದ್ದೀರಿ" ಎಂದು ಕೂಗುತ್ತಲೇ ಇದ್ದಳು. ಹುಟ್ಟಿದಾಗಿನಿಂದ ಆ ಮಾಳಿಗೆಯ ಮೇಲೆ ಮಲಗಿದವಳು ನಾನು, ಚಿಕ್ಕಿಗಳನ್ನು ನೋಡಿರಲಿಲ್ಲವೆಂದಲ್ಲ. ಬರೆಯಬೇಕು ಎಂದುಕೊಂಡು ನೋಡಿದ್ದು ಅದೇ ಮೊದಲು. ಮೂಡಣದಲ್ಲಿ ಒತ್ತಾಗಿ ಕೂತ ಒಂದು ಸಣ್ಣ ಗುಂಪು. ಅದರ ಕೆಳಗೆ ಆಮೇಲೆ ಮೇಲೆದ್ದ, ಒಂದೇ ಸಾಲಿನ ಮೂರು. ತಮ್ಮ ಕೈ ಚಾಚಿ, "ಅಕ್ಕಾ, ಚುಲಮಲಿ ಕೊಡು" ಎಂದ. ಕೊಡುವವರೆಗೂ ಬಿಡಲಿಲ್ಲ, ಮಡಿಲಲ್ಲಿದ್ದ ಚುರಮರಿಯನ್ನು ಆಕಾಶದಿಂದ ಹರಿದು ತಂದಂತೆ ಮಾಡಿ ಕೊಟ್ಟೆ. ಅದನ್ನೇ ಬರೆದೆ.

ಮರುದಿನ ಮಾಸ್ತರರು ಎಲ್ಲರ ಎದುರು ಓದಿದರು. "ಆಕಾಶದಾಗ ಚುರಮರಿ ಚೆಲ್ಲೈತಂತ ನೋಡ್ರಪಾ. ಹಂಗಾರ ಶೇಂಗಾ ಎಲ್ಲಿ?"

"ಚಂದ್ರಾಮ ಉಳ್ಳಾಗಡ್ಡಿರಿ ಸರ್!" ಎಂದ ಹಿಂದಿನ ಸಾಲಿನವನು.

ನಗೆ ನಿಂತ ಮೇಲೆ ಮಾಸ್ತರರು ನನ್ನನ್ನು ಕೇಳಿದರು: "ಇದ ನಿನ್ನ ಮಾತೇನು?"

"ಅಲ್ರಿ. ತಮ್ಮ ಅಂದನ್ರಿ."

"ಹಂಗಾರ ತಮ್ಮ ಅಂದ ಅಂತ ಬರಿ. ನೀ ಏನ ನೋಡಿದಿ ಅದನ್ನ ಬ್ಯಾರೆ ಬರಿ. ಮತ್ತ ಮುಂದಿನ ವಾರ ಅದ ಹೊತ್ತಿಗಿ ಹತ್ತಿ ನೋಡು, ಆ ಗುಂಪು ಅಲ್ಲೇ ಐತೇನು ಅಂತ."

ಅಲ್ಲೇ ಇರಲಿಲ್ಲ. ಮೇಲೆ ಸರಿದಿತ್ತು. ಯಾಕೆ ಎಂದು ಕೇಳಿದೆ. ಮಾಸ್ತರರು ನಶ್ಯದ ಡಬ್ಬಿಯನ್ನು ಸೂರ್ಯನೆಂದು ಇಟ್ಟು, ಅದರ ಸುತ್ತ ಸೀಮೆಸುಣ್ಣದ ತುಂಡನ್ನು ನಡೆಸಿ ತೋರಿಸಿದರು. ತಮ್ಮ ಸೂರ್ಯನನ್ನು ಎತ್ತಿಕೊಂಡು ಓಡಿದ. ಗಂಟು ನನ್ನ ಹೆಬ್ಬೆರಳನ್ನು ಎಳೆಯಿತು. ಅಂದಿನಿಂದ ವಾರಕ್ಕೊಮ್ಮೆ ನೋಡಿ ಬರೆಯುವುದು ನಮ್ಮಿಬ್ಬರ ರೂಢಿಯಾಯಿತು. ಬೆಳಗಿನ ಬೆಳ್ಳಿ ಚಿಕ್ಕಿ ಚಿಕ್ಕಿಯೇ ಅಲ್ಲ, ಗ್ರಹ ಎಂದು ಮನೆಯಲ್ಲಿ ಹೇಳಿದಾಗ ಅಜ್ಜಿ ಸಿಟ್ಟಾದಳು. "ನಿಮ್ಮ ಮಾಸ್ತರ ಹುಟ್ಟೂಕಿಂತ ಮೊದಲ ಅದು ಚಿಕ್ಕೀನ ಐತಿ. ಅಂವಗ ಹೇಳು." ಮಾಸ್ತರರಿಗೆ ಹೇಳಿದೆ. "ಅಜ್ಜಿ ಮುಂದ ನಾ ಸೋತೆ ಅಂತ ಹೇಳವ್ವಾ. ಪರೀಕ್ಷಾದಾಗ ಮಾತ್ರ ಗ್ರಹ ಅಂತ ಬರಿ" ಎಂದರು.

ಶಿವರಾತ್ರಿ ದಾಟುವಷ್ಟರಲ್ಲಿ ನನ್ನ ಬರಹವನ್ನು ಅವರು ಎಲ್ಲರ ಎದುರು ಓದಿ ನಗಿಸುವುದನ್ನು ಬಿಟ್ಟು, ಉಳಿದವರಿಗೆ ನೋಡಿ ಕಲಿಯಲು ಕೊಡುತ್ತಿದ್ದರು. ಒಂದು ದಿನ ಅವ್ವ ಕೂಲಿಯಿಂದ ಬರುವ ದಾರಿಯಲ್ಲಿ ನಿಂತು ಅವಳಿಗೆ ಹೇಳಿದರಂತೆ: "ಈಕಿ ಪಾಸ್ ಆಗತಾಳ. ಮದವಿ ಅವಸರ ಮಾಡಬ್ಯಾಡ್ರಿ." ಅವ್ವ ಅಂದು ನನ್ನ ತಲೆಗೆ ಎಣ್ಣೆ ಹಚ್ಚಿದಳು.

ಪರೀಕ್ಷೆ ಗೋಕಾಕದಲ್ಲಿ. ತಮ್ಮನನ್ನು ಬಿಟ್ಟು ಹೋಗುವ ಮಾತೇ ಇರಲಿಲ್ಲ. ಒಂದು ದಿನ ಬಿಟ್ಟಿದ್ದಕ್ಕೆ ಅನ್ನ ಮುಟ್ಟದೆ ಜ್ವರ ಬರಿಸಿಕೊಂಡಿದ್ದ. ಕೊಣ್ಣೂರಿನ ಸೋದರತ್ತೆ, "ನಾ ಹೊರಗ ಹಿಡಕೊಂಡ ಕುಂದರತೇನಿ, ನೀ ಬರಿ" ಎಂದು ಒಪ್ಪಿಕೊಂಡಳು. ಆಕೆ ದೊಡ್ಡ ದನಿಯ, ದೊಡ್ಡ ಮೈಯ ಹೆಂಗಸು. ಪರೀಕ್ಷೆಯ ಕಟ್ಟಡದ ಅಂಗಳದ ಬೇವಿನ ಕೆಳಗೆ ಕಂಬಳಿ ಹಾಸಿ ಕೂತಳು. ಮುಂಜಾನೆಯ ಲೆಕ್ಕದ ಪೇಪರು ಚೆನ್ನಾಗಿ ಹೋಯಿತು. ಮಧ್ಯಾಹ್ನ ಭಾಷೆಯದು. ಕೊನೆಯಲ್ಲಿ ನಿಬಂಧ: ನಮ್ಮ ಊರಿನ ಸಂತೆ, ಇಲ್ಲವೇ ರಾತ್ರಿಯ ಆಕಾಶ. ಉಳಿದ ಪ್ರಶ್ನೆಗಳನ್ನು ಆಮೇಲೆ ನೋಡಿದರಾಯಿತೆಂದು ಬಿಟ್ಟು, ನಿಬಂಧದಿಂದಲೇ ಸುರು ಮಾಡಿದೆ.

ಒತ್ತಾಗಿ ಕೂತ ಗುಂಪಿನ ಬಗ್ಗೆ ಬರೆದೆ, ಮೂರರ ಸಾಲಿನ ಬಗ್ಗೆ ಬರೆದೆ. ಗ್ರಹ ಮಿನುಗುವುದಿಲ್ಲ ಎಂದು ಬರೆಯುತ್ತಿದ್ದಾಗ ಹೊರಗೆ ಕೂಸು ಅತ್ತಿತು.

ಅದು ಇರುವೆ ಕಚ್ಚಿದ ಅಳು. ನಡುವೆ ಉಸಿರು ನಿಂತ ಜಾಗವೂ ಇತ್ತು. ಅತ್ತೆ ಸುಮ್ಮನಿರಿಸುತ್ತಾಳೆ ಎಂದು ಪೆನ್ನು ಒತ್ತಿ ಹಿಡಿದೆ. ಅಳು ಏರಿತು. ನಾನು ಎದ್ದು ನಿಂತದ್ದು ನನಗೇ ತಿಳಿಯಲಿಲ್ಲ.

ಮೇಲ್ವಿಚಾರಣೆಗಿದ್ದ ಮಾಸ್ತರರು ಹತ್ತಿರ ಬಂದರು. "ಯಾಕವ್ವಾ?"

"ನಮ್ಮ ಕೂಸ ಅಳಾಕತ್ತೈತ್ರಿ."

"ಹೊರಗ ನಿಮ್ಮವರ ಯಾರೂ ಇಲ್ಲೇನು? ಕೂಡು, ಬರಿ. ಹೊರಗ ಹೋದ್ರ ಪೇಪರ್ ಕೊಟ್ಟ ಹೋಗಬೇಕ, ಮತ್ತ ಒಳಗ ಬರಾಕ ಬರೂದಿಲ್ಲ."

ಅವರು ಎರಡು ಸಲ ಹೇಳಿದರು. ನಾನು ಪೇಪರು ಅವರ ಕೈಗೆ ಕೊಟ್ಟು ಓಡಿದೆ.

ಬೇವಿನ ಕೆಳಗೆ ತಮ್ಮ ಅತ್ತೆಯ ತೊಡೆಯ ಮೇಲೆ ಬಾಯಿ ತೆರೆದು ನಿದ್ದೆ ಹೋಗಿದ್ದ. ಕೈಯಲ್ಲಿ ಅರ್ಧ ಕಚ್ಚಿದ ಪೇರಲ ಹಣ್ಣು. ಆಚೆಯ ಗೋಡೆಯ ಹತ್ತಿರ ಪೇರಲ ಮಾರುವವಳು ತನ್ನ ಕೂಸನ್ನು ಎತ್ತಿ ಕಾಲು ತಿಕ್ಕುತ್ತಿದ್ದಳು.

ಅತ್ತೆ ನನ್ನನ್ನು ನೋಡಿ ಮುಖ ಅರಳಿಸಿದಳು. "ಇಷ್ಟ ಲಗೂ ಮುಗಿಸಿದಿ? ಶ್ಯಾಣ್ಯಾಕಿ ನೋಡು ನಮ್ಮಾಕಿ!"

ತಮ್ಮನ ಬಾಯಿಯ ಸುತ್ತ ಕೂತ ನೊಣ ಓಡಿಸುತ್ತ ಕೂತೆ. ಉಳಿದವರು ಹೊರಗೆ ಬರುವವರೆಗೂ ಅವನು ಏಳಲಿಲ್ಲ.

ಭಾಷೆಯಲ್ಲಿ ನಾಪಾಸಾದೆ. ಮಾಸ್ತರರು ಮನೆಗೆ ಬಂದು ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿಕೊಂಡರು. ಬೈಯುತ್ತಾರೆಂದು ಕಾದೆ. "ಏನ ಮಾಡ್ತಿ. ಬ್ಯಾರೆಯವರ ಕೂಸಾತು" ಎಂದಷ್ಟೇ ಅಂದು ನೀರು ಕುಡಿದು ಹೋದರು. ಮುಂಗಾರಿಗೆ ಅಪ್ಪ ಬಂದ. "ಮುಂದಿನ ವರ್ಷ ಮತ್ತ ಕಟ್ಟಲಿ" ಎಂದು ಒಮ್ಮೆ ಅಂದನಾದರೂ ಹುಕ್ಕೇರಿಯವರು ಕಾಯಲು ಒಪ್ಪಲಿಲ್ಲ. ಮಾತು ಕೊಟ್ಟಾಗಿತ್ತು. ಮದುವೆಯಾಯಿತು.

ತಮ್ಮ ದೊಡ್ಡವನಾಗಿ ಏಳನೇ ಇಯತ್ತೆಗೆ ಹುಕ್ಕೇರಿಗೆ ಬಂದ, ನಮ್ಮ ಮನೆಯಲ್ಲಿದ್ದು ಓದಲು. ಅಷ್ಟರಲ್ಲಿ ನಾನು ಎರಡು ಮಕ್ಕಳ ತಾಯಿ. ಕೊಣ್ಣೂರಿನ ಅತ್ತೆ ಆ ಕತೆಯನ್ನು ಊರೂರಿಗೆ ನಗೆಯಾಗಿ ಹೇಳಿದ್ದಳು, ಅವನಿಗೂ ಮುಟ್ಟಿತ್ತು. ಒಂದು ಸಂಜೆ ಜೋಳ ಹಸನು ಮಾಡುವಾಗ ಎದುರಿಗೆ ಬಂದು ಕೂತ.

"ಅಕ್ಕಾ, ಖರೆ ಹೇಳು. ನಾ ಅತ್ತಿದ್ನೇನು?"

"ಇಲ್ಲೋ. ನೀ ಮಲಗಿದ್ದಿ."

"ಹಂಗಾರ ನೀ ಯಾಕ ಎದ್ದಿ?"

"ನೀನ ಅಂದ್ಕೊಂಡೆ."

ಅವನೂ ಜೋಳದಲ್ಲಿ ಕೈ ಹಾಕಿ ಹರಳು ಆರಿಸತೊಡಗಿದ. ಆಮೇಲೆ, "ಈ ವರ್ಷ ನನ್ನ ಜೋಡಿ ನೀನೂ ಕಟ್ಟು. ಹೊರಗಿನಿಂದ ಕಟ್ಟಾಕ ಬರತೈತಂತ. ನಾ ಕೇಳಿ ಬಂದೇನಿ" ಎಂದ.

"ಎರಡ ಮಕ್ಕಳ ತಾಯಿ ಹುಡುಗೂರ ಸಾಲಿನಾಗ ಕುಂತ್ರ ಊರ ನಗತೈತಿ."

"ನಗಲಿ ಬಿಡು. ನನ್ನ ಸೊಂಟಕ್ಕ ಗಂಟ ಹಾಕೊಂಡ ಕುಂತಾಗ ನಗಲಿಲ್ಲೇನು?"

ನನ್ನ ಯಜಮಾನರನ್ನೂ ಕೇಳಿದ. "ನಾ ಏನ ಬ್ಯಾಡನ್ನಂಗಿಲ್ಲಪಾ. ನಿಮ್ಮಕ್ಕ ಉಂಟು, ನೀ ಉಂಟು" ಎಂದರು. ತಡೆದವರು ಯಾರೂ ಇರಲಿಲ್ಲ. ನಾನೇ ಕಟ್ಟಲಿಲ್ಲ. ಮತ್ತೆ ಬರೆದು ಮತ್ತೆ ಬಿದ್ದರೆ ಎಂಬ ಅಂಜಿಕೆ ಇತ್ತು. ಬೀಳದೆ ಪಾಸಾದರೆ, ಇಷ್ಟು ವರ್ಷ ಸುಮ್ಮನೆ ಹೋದವಲ್ಲ ಎಂಬುದು ಇನ್ನೂ ದೊಡ್ಡ ಅಂಜಿಕೆ. ಅವನು ಒಬ್ಬನೇ ಬರೆದ, ಪಾಸಾದ. ಮುಂದೆ ಹೈಸ್ಕೂಲು, ಟ್ರೇನಿಂಗು ಮುಗಿಸಿ ಗೋಕಾಕ ತಾಲೂಕಿನಲ್ಲೇ ಮಾಸ್ತರನಾದ.

ನೌಕರಿ ಸಿಕ್ಕ ಮೇಲೆ ಬಂದಾಗಲೆಲ್ಲ ಅದೇ ಮಾತು. ಕೊನೆಯ ಸಲ ಬಂದದ್ದು ದೀಪಾವಳಿಗೆ. ನನ್ನ ಮಕ್ಕಳು ಅವನ ಬೆನ್ನು ಹತ್ತಿ ಕೂತಿದ್ದರು.

"ಅಕ್ಕಾ, ಪ್ರತಿ ರವಿವಾರ ಬಸ್ ಹತ್ತಿ ಬರತೇನಿ. ಎರಡ ತಾಸು ಕುಂದರು, ಸಾಕು. ಮಾರ್ಚಿಗಿ ಕಟ್ಟೂಣು."

"ಈ ಸುಗ್ಗಿ ಒಂದ ಮುಗೀಲೋ ಮಾರಾಯಾ."

"ನಿನ್ನ ಸುಗ್ಗಿ ಎಂದ ಮುಗೀತು?" ಎಂದು ನಕ್ಕು ಚೀಲ ಹೆಗಲಿಗೇರಿಸಿ ಹೋದ. ಸುಗ್ಗಿಯ ನಡುವೆ ಅವನಿಗೆ ವಿಷಮಜ್ವರ ಬಂತು. ಸುದ್ದಿ ತಿಳಿದು ನಾವು ಮುಟ್ಟುವಾಗ ಅವನಿಗೆ ಗುರುತು ಹಿಡಿಯುವ ಎಚ್ಚರ ಇರಲಿಲ್ಲ.

ಹೂಂ ಎಂದಿದ್ದರೆ ನಾನು ಪಾಸಾಗುತ್ತಿದ್ದೆನೋ ಇಲ್ಲವೋ ತಿಳಿಯದು. ಈ ವಯಸ್ಸಿಗೆ ಅಕ್ಕೋರು ಆಗುತ್ತಿರಲಿಲ್ಲ, ಅದು ಗೊತ್ತು. ಆದರೆ ಆ ಚಳಿಗಾಲದ ಕೆಲವು ರವಿವಾರಗಳಾದರೂ ಅವನು ನಮ್ಮ ಪಡಸಾಲೆಯಲ್ಲಿ ಕೂತು ಕಲಿಸುತ್ತಿದ್ದ, ನಾನು ಎದುರಿಗೆ ಕೂತು ತಪ್ಪು ಬರೆಯುತ್ತಿದ್ದೆ, ಅವನು ತಿದ್ದುತ್ತಿದ್ದ. ಮಾಸ್ತರನಾಗಿ ಅವನು ಹೇಗೆ ಕಲಿಸುತ್ತಿದ್ದ ಎಂಬುದನ್ನು ನಾನು ಬೇರೆಯವರಿಂದ ಕೇಳಿ ತಿಳಿಯಬೇಕಾಗುತ್ತಿರಲಿಲ್ಲ.