ಮೂಲೆಯ ಕುರ್ಚಿಯಲ್ಲಿ ಕೂತಿದ್ದವರು

ನನ್ನ ಚಿಕ್ಕಮ್ಮನಿಗೆ ಮನಶ್ಶಾಸ್ತ್ರ ವಿಭಾಗದಲ್ಲಿ ತಾತ್ಕಾಲಿಕ ಕೆಲಸ. ಬಿಡಿಸಲಾಗದ ಒಗಟೊಂದನ್ನು ಜನರ ಮುಂದಿಟ್ಟು, ಅವರು ಎಷ್ಟು ಹೊತ್ತಿಗೆ ಕೈಚೆಲ್ಲುತ್ತಾರೆಂದು ಗಡಿಯಾರ ನೋಡುವುದು ಅವಳ ಸಂಶೋಧನೆ. ಇದಕ್ಕೂ ಸಂಬಳ ಕೊಡುತ್ತಾರೆಂದು ನಮ್ಮಪ್ಪ ಇಂದಿಗೂ ನಂಬಿಲ್ಲ.

ಬೆಳಿಗ್ಗೆ ಬಂದವರು ನೇರವಾಗಿ ಒಗಟಿಗೆ ಕೂರುತ್ತಿದ್ದರು. ಮಧ್ಯಾಹ್ನ ಬಂದವರು ಮೊದಲು ಛಲಗಾರನೊಬ್ಬನ ಕಥೆ ಓದಬೇಕಿತ್ತು. ಕಥೆ ಓದಿದವರು ಎರಡರಷ್ಟು ಹೊತ್ತು ಕೂತರು. ಕಥೆಯಿಂದ ತಾಳ್ಮೆ ಬೆಳೆಯುತ್ತದೆಂದು ಚಿಕ್ಕಮ್ಮ ಲೇಖನ ಬರೆದಳು. ಹೆಸರು ಬಂತು, ಕೆಲಸ ಕಾಯಂ ಆಗುವ ಮಾತೂ ಬಂತು. ಬೇರೆ ಊರಿನವರು ಅದೇ ಕಥೆ, ಅದೇ ಒಗಟು ಇಟ್ಟು ನೋಡಿದರು. ಅಲ್ಲಿ ಕಥೆ ಓದಿದವರೇ ಬೇಗ ಎದ್ದು ಹೋದರು.

ಲೇಖನ ಅಚ್ಚು ಹಾಕಿದ್ದ ಪತ್ರಿಕೆ ಹೊಸ ನಿಯಮದ ಪ್ರಕಾರ ವಿವರ ಕೇಳಿತು. ಇನ್ನೊಬ್ಬರು ಪ್ರಯೋಗವನ್ನು ಹಾಗೇ ಮಾಡಲು ಬೇಕಾದದ್ದೆಲ್ಲ ಬರೆಯಬೇಕು. ಕೋಣೆಯಲ್ಲಿ ಯಾರ್ಯಾರು ಇದ್ದರು?

ಕೋಣೆಯಲ್ಲಿ ನಮ್ಮಜ್ಜಿ ಇದ್ದಳು. ಮಧ್ಯಾಹ್ನ ಮನೆಯಲ್ಲಿ ನೋಡಿಕೊಳ್ಳುವವರಿಲ್ಲವೆಂದು ಚಿಕ್ಕಮ್ಮ ಅವಳನ್ನು ಕರೆತಂದು ಮೂಲೆಯ ಕುರ್ಚಿಯಲ್ಲಿ ಕೂರಿಸುತ್ತಿದ್ದಳು. ಅಜ್ಜಿ ಏನೂ ಮಾಡುತ್ತಿರಲಿಲ್ಲ. ಯಾರಾದರೂ ಏಳಲು ಹೊರಟರೆ ಮಾತ್ರ ಕನ್ನಡಕ ಏರಿಸಿ, "ಇಷ್ಟು ಬೇಗ ಎದ್ಬಿಟ್ಯಾ, ಕಂದಾ?" ಅನ್ನುತ್ತಿದ್ದಳು. ಆಮೇಲೂ ಏಳುವ ಗಂಡು ಇನ್ನೂ ಹುಟ್ಟಿಲ್ಲ. ಹುಟ್ಟಿದಾಗಿನಿಂದ ಕೇಳಿದ ಮಾತಾದ್ದರಿಂದ ಚಿಕ್ಕಮ್ಮನ ಕಿವಿಗೆ ಅದು ಬಿದ್ದೇ ಇರಲಿಲ್ಲ.

"ಅಮ್ಮಂದಿರನ್ನ ಯಾರಮ್ಮಾ ಲೆಕ್ಕಕ್ಕೆ ತಗೋತಾರೆ? ಸುಮ್ನಿರಲಾರದೆ ಇರುವೆ ಬಿಟ್ಕೋಬೇಡಿ," ಎಂದರು ವಿಭಾಗದ ಮುಖ್ಯಸ್ಥರು.

"ಇದ್ದೋರನ್ನ ಇರಲಿಲ್ಲ ಅಂತ ಹೇಗೆ ಬರೀಲಿ ಸಾರ್?"

ಅಜ್ಜಿ ಇದ್ದದ್ದು, ಆಡಿದ್ದು ಎಲ್ಲ ಬರೆದಳು. ಕಾಯಂ ಕೆಲಸ ಬೇರೆಯವರ ಪಾಲಾಯಿತು. ನನಗಂತೂ ಹೊಟ್ಟೆ ಉರಿಯಿತು.

ಅಜ್ಜಿಗೆ ಮಾತ್ರ ಖುಷಿ. "ಪತ್ರಿಕೇಲಿ ನನ್ನ ಹೆಸರು ಬಂತಂತೆ?"

"ಹೆಸರಿಲ್ಲಮ್ಮ. 'ಮೂಲೆಯಲ್ಲಿ ಒಬ್ಬ ವೃದ್ಧೆ' ಅಂತ ಇದೆ."

"ವೃದ್ಧೆಯಂತೆ!" ಅಜ್ಜಿ ಊಟದವರೆಗೂ ಮಾತು ಬಿಟ್ಟಳು.

ಈಗ ಪ್ರಯೋಗವನ್ನು ಮೊದಲಿನಿಂದ ಮಾಡಬೇಕು, ಅಜ್ಜಿಯನ್ನು ಬಿಟ್ಟು. ಒಂದು ಸಂಜೆ ಊಟದ ಮೇಜಿನ ಮೇಲೆ ಹರಡಿದ್ದ ಕಾಗದಗಳನ್ನೆಲ್ಲ ಅತ್ತ ತಳ್ಳಿ, "ಸಾಕು, ಇನ್ನು ನನ್ನ ಕೈಲಾಗಲ್ಲ," ಎಂದು ಚಿಕ್ಕಮ್ಮ ಎದ್ದಳು.

ಅಜ್ಜಿ ಕನ್ನಡಕ ಏರಿಸಿದಳು. "ಇಷ್ಟು ಬೇಗ ಎದ್ಬಿಟ್ಯಾ, ಕಂದಾ?"

ಈ ಸಲ ಅದು ಚಿಕ್ಕಮ್ಮನ ಕಿವಿಗೆ ಬಿತ್ತು. ಅಳುತ್ತಲೇ ಕುರ್ಚಿ ಎಳೆದುಕೊಂಡು ಕೂತಳು.