ಗೊಂಬೆಯ ಪಾಸ್‌ಪೋರ್ಟ್ ಫೋಟೋ

ಸಿಟ್ಟು ಬರದೆ ಬಹಳ ದಿನವಾಯಿತು ಅನ್ನಿಸಿದಾಗ ನಾನು ಫೋನಿನಲ್ಲಿ ಆನ್‌ಲೈನ್ ಅಂಗಡಿ ತೆರೆದು ‘ಕೈಯಿಂದ ಮಾಡಿದ ಗೊಂಬೆ’ ಎಂದು ಹುಡುಕುತ್ತೇನೆ. ಟೀ ಆರುವಷ್ಟರಲ್ಲಿ ಬೇಕಾದಷ್ಟು ಸಿಟ್ಟು ಬಂದಿರುತ್ತದೆ. ಗೊಂಬೆಗಳ ಮೇಲಲ್ಲ, ಪಾಪ, ಅವು ಏನು ಮಾಡಿಯಾವು. ಅವುಗಳ ಪಕ್ಕದಲ್ಲಿ ಬರೆದಿರುವುದರ ಮೇಲೆ. ‘ಸಾಂಪ್ರದಾಯಿಕ ಕರಕುಶಲ ಜನಪದ ಗೊಂಬೆ ಮನೆ ಅಲಂಕಾರ ಹುಟ್ಟುಹಬ್ಬ ಗೃಹಪ್ರವೇಶ ಆಫೀಸ್ ಮೇಜು ಉಡುಗೊರೆ.’ ಇಷ್ಟುದ್ದ ಓದಿದರೂ ಒಂದು ಕ್ರಿಯಾಪದ ಕೈಗೆ ಹತ್ತುವುದಿಲ್ಲ. ಇನ್ನು ಫೋಟೋ. ಗೊಂಬೆ ಒಣಗಿದ ಎಲೆಗಳ ಮೇಲೆ ಮಲಗಿರುತ್ತದೆ, ಪಕ್ಕದಲ್ಲಿ ಒಂದು ಲೋಟ ಕಾಫಿ, ಒಂದು ಕನ್ನಡಕ, ಅರ್ಧ ತೆರೆದ ಪುಸ್ತಕ. ಕನ್ನಡಕ ಬಿಚ್ಚಿಟ್ಟು, ಕಾಫಿ ಅರ್ಧಕ್ಕೆ ಬಿಟ್ಟು ಆ ಮನುಷ್ಯ ಎಲ್ಲಿಗೆ ಓಡಿಹೋದ ಎಂದು ಯಾರೂ ಕೇಳುವುದಿಲ್ಲ.

ಹೀಗೆ ಉರಿದುಕೊಳ್ಳಲು ನನಗೆ ಹಕ್ಕಿದೆ. ನಾನು ನರಸೀಪುರದ ಬಸ್ ಸ್ಟ್ಯಾಂಡಿನ ಹತ್ತಿರ ಫೋಟೋ ಸ್ಟುಡಿಯೋ ಇಟ್ಟವನು. ಈ ತಾಲ್ಲೂಕಿನ ಎಷ್ಟೋ ಮದುವೆಗಳು ನಾನು ತೆಗೆದ ಹೆಣ್ಣಿನ ಫೋಟೋ ನೋಡಿಯೇ ಕುದುರಿದವು. ಆಮೇಲೆ ಅವು ಹೇಗೆ ನಡೆದವು ಎಂಬುದಕ್ಕೆ ಸ್ಟುಡಿಯೋ ಜವಾಬ್ದಾರಿಯಲ್ಲ. ಈಗ ಎಲ್ಲರ ಜೇಬಿನಲ್ಲೂ ಕ್ಯಾಮೆರಾ. ತೆಗೆಯುವವರೂ ಅವರೇ, ತೆಗೆಸಿಕೊಳ್ಳುವವರೂ ಅವರೇ, ಮೆಚ್ಚಿಕೊಳ್ಳುವವರೂ ಅವರೇ. ನನ್ನ ಪಾಲಿಗೆ ಉಳಿದದ್ದು ಪಾಸ್‌ಪೋರ್ಟ್ ಸೈಜಿನ ಫೋಟೋ ಮತ್ತು ಜೆರಾಕ್ಸು.

ಅಂಥ ನನ್ನ ಅಂಗಡಿಗೆ ಒಂದು ದಿನ ಹದಿನಾರು ಎಂಬ ಊರಿನ ಚಿಕ್ಕತಾಯಮ್ಮ ಒಂದು ಗೊಬ್ಬರದ ಚೀಲ ಹೊತ್ತು ಬಂದಳು. ಚೀಲದ ತುಂಬ ಕೈಗೊಂಬೆಗಳು. ಕಾಗದ ನೆನೆಸಿ ರುಬ್ಬಿ ಮಾಡಿದ ತಲೆ, ಟೈಲರ್ ಅಂಗಡಿಯ ಚೂರುಬಟ್ಟೆಯ ಅಂಗಿ. ಒಳಗೆ ಕೈ ತೂರಿಸಿ ಆಡಿಸುವಂಥವು. ಅಂಗನವಾಡಿಯಲ್ಲಿ ಸಹಾಯಕಿಯ ಬದಲಿ ಕೆಲಸ ಮಾಡುವಾಗ ಯಾವುದೋ ತರಬೇತಿಯಲ್ಲಿ ಕಲಿತಳಂತೆ. ಕೆಲಸ ಹೋಯಿತು, ಗೊಂಬೆ ಉಳಿಯಿತು. ಸೊಟ್ಟ ಮೂತಿಯ ಅತ್ತೆ, ಮೀಸೆಯ ಪಟೇಲ, ಕಂಕುಳಲ್ಲಿ ಚರ್ಮದ ಚೀಲ ಸಿಕ್ಕಿಸಿಕೊಂಡ ಬಸ್ ಕಂಡಕ್ಟರ್. ಅವಳ ತಂಗಿ ನಂಜನಗೂಡಿನ ಕಡೆ ಗಾರ್ಮೆಂಟ್ಸಿನಲ್ಲಿ ಹೊಲಿಗೆಗೆ ಹೋಗುತ್ತಾಳೆ. ಇವಳಿಗೂ ಅಲ್ಲೊಂದು ಮಿಷಿನ್ ಕಾದಿದೆ, ಬೆಳಿಗ್ಗೆ ಊರಿಗೇ ವ್ಯಾನ್ ಬರುತ್ತದೆ. ಗೌರಿ ಹಬ್ಬದವರೆಗೆ ನೋಡುವುದು, ಗೊಂಬೆ ನಡೆದರೆ ಗೊಂಬೆ, ಇಲ್ಲದಿದ್ದರೆ ವ್ಯಾನು ಎಂದು ಮನೆಯಲ್ಲಿ ಮಾತಾಗಿತ್ತು. ಆನ್‌ಲೈನಿನಲ್ಲಿ ಹಾಕಲು ಒಳ್ಳೆಯ ಫೋಟೋ ಬೇಕು, ನೀವೇ ತೆಗೆದುಕೊಡಬೇಕು ಅಂದಳು. ಬಹಳ ದಿನದ ಮೇಲೆ ಒಬ್ಬರು ನನ್ನನ್ನು ಕಲಾವಿದ ಅಂದುಕೊಂಡಿದ್ದರು. ನಾನು ಉಬ್ಬಿದೆ.

ಉಬ್ಬಿದವನು ಏನು ಮಾಡಿದೆ? ಬಿಳಿ ಪರದೆ ಇಳಿಬಿಟ್ಟೆ, ಎರಡೂ ಕಡೆ ದೀಪ ಹಾಕಿದೆ, ಗೊಂಬೆಗಳನ್ನು ಬಾಟಲಿಗಳ ಮೇಲೆ ಕವುಚಿ, ಒಂದೊಂದನ್ನೂ ನೆಟ್ಟಗೆ ಕೂರಿಸಿ, ಎರಡೂ ಕಿವಿ ಕಾಣುವ ಹಾಗೆ ತೆಗೆದೆ. ಜೀವಮಾನದ ಅಭ್ಯಾಸ. ಅತ್ತೆಗೆ ‘ಗದ್ದ ಸ್ವಲ್ಪ ಕೆಳಗೆ’ ಎಂದು ಬಾಯಿಬಿಟ್ಟು ಹೇಳಿಯೂ ಇದ್ದೆನಂತೆ; ಚಿಕ್ಕತಾಯಮ್ಮ ಆಮೇಲೆ ಊರೆಲ್ಲ ಹೇಳಿದಳು. ಪ್ರಿಂಟು ಹಾಕಿ ನೋಡಿದರೆ ಕಂಡಕ್ಟರ್, ಪೊಲೀಸ್ ಸ್ಟೇಷನ್ ಬೋರ್ಡಿನಲ್ಲಿ ಅಂಟಿಸಿದ ಕಾಣೆಯಾದವನ ಹಾಗಿದ್ದ. ಅತ್ತೆಯ ಫೋಟೋ ನೋಡಿ ನನ್ನ ಹೆಂಡತಿ, ಹಾರ ಒಂದು ಹಾಕಿದರೆ ಗೋಡೆಗೆ ನೇತುಹಾಕಬಹುದು ಅಂದಳು. ಆದರೂ ಆನ್‌ಲೈನಿಗೆ ಹಾಕಿದೆವು. ಒಬ್ಬರೂ ಕೇಳಲಿಲ್ಲ. ನಾನು ಜನರ ಅಭಿರುಚಿಯನ್ನು ಬಯ್ದುಕೊಂಡು ಸುಮ್ಮನಾದೆ.

ಆಮೇಲೆ ನಂಜನಗೂಡಿನಲ್ಲಿ ಒಂದು ತರಬೇತಿ ನಡೆಯಿತು. ಕರಕುಶಲ ವಸ್ತುಗಳನ್ನು ಆನ್‌ಲೈನಿನಲ್ಲಿ ಮಾರುವುದು ಹೇಗೆ ಎಂದು. ಚಿಕ್ಕತಾಯಮ್ಮನ ಜೊತೆಗೆ ನಾನೂ ಹೋದೆ, ಕಲಿಯಲಿಕ್ಕಲ್ಲ, ಅಣಕಿಸಲಿಕ್ಕೆ. ಬಂದಿದ್ದ ತರಬೇತಿದಾರರು ಖಾದಿ ಜುಬ್ಬ ತೊಟ್ಟಿದ್ದರು, ಅದರ ಇಸ್ತ್ರಿ ಮಾತ್ರ ಮುರಿದಿರಲಿಲ್ಲ. ಗಿರಾಕಿ ವಸ್ತುವನ್ನು ಕೊಳ್ಳುವುದಿಲ್ಲ, ಕಥೆಯನ್ನು ಕೊಳ್ಳುತ್ತಾನೆ ಎಂದು ಅವರು ಬೆಳಗಿನಿಂದ ಊಟದವರೆಗೆ ಬೇರೆ ಬೇರೆ ಬಣ್ಣದ ಅಕ್ಷರಗಳಲ್ಲಿ ತೋರಿಸಿದರು. ಊಟದ ಮೇಲೆ ಚಿಕ್ಕತಾಯಮ್ಮನನ್ನು ಎಬ್ಬಿಸಿ, ನಿಮ್ಮ ಕಷ್ಟವನ್ನು ಹೇಳಿಕೊಳ್ಳಿ, ಅದನ್ನೇ ಗೊಂಬೆಯ ಕೆಳಗೆ ಬರೆಯೋಣ ಅಂದರು.

“ನಂಗೆ ಯಾವ್ ಕಷ್ಟ ಸಾ?” ಅಂದಳು ಅವಳು. “ಕಷ್ಟ ಇರೋರು ಬೊಂಬೆಗೆ ಮೀಸೆ ಬರ್ಕಂಡ್ ಕೂತ್ಕತಾರಾ?”

ಅವರಿಗೆ ಸ್ವಲ್ಪ ನಿರಾಸೆಯಾಯಿತು. ಆದರೆ ಛಲ ಬಿಡಲಿಲ್ಲ. ತಾವೇ ಕೂತು, ತಲೆತಲಾಂತರದಿಂದ ಬಂದು ಈಗ ನಶಿಸುತ್ತಿರುವ ಕಲೆಯ ಕೊನೆಯ ಕೊಂಡಿ ಎಂದು ಬರೆದುಕೊಟ್ಟರು. ಅಂಗನವಾಡಿಯಲ್ಲಿ ಮೊನ್ನೆ ಮೊನ್ನೆ ಕಲಿತದ್ದು ಸಂಜೆಯೊಳಗೆ ನಶಿಸಲಿಕ್ಕೂ ಶುರುವಾಗಿತ್ತು. ಫೋಟೋವನ್ನೂ ಅವರೇ ತೆಗೆದರು. ಕಂಡಕ್ಟರನನ್ನು ಒಣ ಎಲೆಗಳ ಮೇಲೆ ಅಂಗಾತ ಮಲಗಿಸಿ, ತಲೆಯ ಬಳಿ ಯಾರದೋ ಮನೆಯ ಹಿತ್ತಾಳೆ ಚೊಂಬು ಇಟ್ಟರು. ಡ್ಯೂಟಿಯ ಮೇಲಿರುವ ಕಂಡಕ್ಟರ್ ಎಲೆಗಳ ಮೇಲೆ ಯಾಕೆ ಮಲಗಿದ್ದಾನೆ ಎಂದು ಕೇಳಿದೆ. ಅದು ಭಾವ ಅಂದರು. ಆ ಭಾವಕ್ಕೆ ಆನ್‌ಲೈನಿನಲ್ಲಿ ಬಂದದ್ದು ಒಂದೇ ಒಂದು ವಿಚಾರಣೆ: ಚೊಂಬು ಮಾರಾಟಕ್ಕಿದೆಯೇ?

ಹಬ್ಬ ಹತ್ತಿರ ಬಂತು. ಚಿಕ್ಕತಾಯಮ್ಮ ಗೊಂಬೆಗಳನ್ನು ವಾಪಸು ಒಯ್ಯಲು ಚೀಲ ಹಿಡಿದು ಬಂದ ದಿನ ಅಂಗಡಿಯಲ್ಲಿ ಒಂದು ಹಸುಗೂಸಿನ ಫೋಟೋ ನಡೆಯುತ್ತಿತ್ತು. ಪಾಸ್‌ಪೋರ್ಟಿಗೆ. ಕೂಸಿನ ಕತ್ತು ಇನ್ನೂ ನಿಂತಿಲ್ಲ, ಕೂರಿಸುವ ಹಾಗಿಲ್ಲ. ಹಿಂದೆ ಬಿಳಿ ಬಿಟ್ಟು ಏನೂ ಇರಕೂಡದು, ಹಿಡಿದವರ ಕೈ ಕಾಣಕೂಡದು. ಇದಕ್ಕೆ ಸ್ಟುಡಿಯೋದವರಲ್ಲಿ ಒಂದು ಹಳೆಯ ಉಪಾಯವಿದೆ. ತಾಯಿಯನ್ನು ಸ್ಟೂಲಿನ ಮೇಲೆ ಕೂರಿಸಿ, ತಲೆಯಿಂದ ಕಾಲಿನವರೆಗೆ ಬಿಳಿ ಬೆಡ್‌ಶೀಟ್ ಹೊದಿಸಿಬಿಡುತ್ತೇವೆ. ಬೆಡ್‌ಶೀಟಿನೊಳಗಿಂದ ಅವಳು ಕೂಸನ್ನು ಎತ್ತಿ ಹಿಡಿಯುತ್ತಾಳೆ, ಮೆಲ್ಲಗೆ ಮಾತಾಡಿಸುತ್ತಾಳೆ. ಫೋಟೋದಲ್ಲಿ ಕೂಸು ತಾನೇ ಎದ್ದು ಕೂತು ಜಗತ್ತನ್ನು ವಿಚಾರಿಸಿಕೊಳ್ಳುತ್ತಿರುವ ಹಾಗೆ ಬರುತ್ತದೆ. ಅವರು ಹೋದ ಮೇಲೆ ನಾನು ಬೆಡ್‌ಶೀಟ್ ಮಡಿಸಲು ಹೋಗಿ ನಿಂತೆ. ಚಿಕ್ಕತಾಯಮ್ಮನನ್ನು ನೋಡಿದೆ. ಅವಳು ಆಗಲೇ ಕಂಡಕ್ಟರನನ್ನು ಕೈಗೆ ಹಾಕಿಕೊಂಡು ಸ್ಟೂಲಿನ ಕಡೆ ಹೊರಟಿದ್ದಳು.

ಬೆಡ್‌ಶೀಟಿನೊಳಗೆ ಅವಳಿಗೆ ಸುಮ್ಮನಿರಲು ಬರಲಿಲ್ಲ. “ಮುಂದಕ್ ಓಗ್ರೀ, ಮುಂದೆಲ್ಲ ಖಾಲಿ ಅದೆ,” ಎಂದು ಶುರುಮಾಡಿದಳು. ಮೇಲೆ ಕಂಡಕ್ಟರ್ ತಲೆ ತಿರುಗಿಸಿದ, ಹಿಂದಿನ ಬಾಗಿಲ ಕಡೆ ಕೆಕ್ಕರಿಸಿದ, ಕೊನೆಗೆ ನನ್ನ ಕಡೆಗೇ ನೋಡಿದ. ಟಿಕೆಟ್ ತೆಗೆದುಕೊಂಡಿಲ್ಲವೇನೋ ಎಂದು ನಾನು ಒಂದು ಕ್ಷಣ ಗಾಬರಿಯಾದದ್ದು ನಿಜ. ನಕ್ಕು ನಕ್ಕು ಕ್ಯಾಮೆರಾ ಅಲುಗಿ ಅರ್ಧ ಫೋಟೋ ಕೆಟ್ಟವು. ಉಳಿದ ಅರ್ಧದಲ್ಲಿ ಜೀವವಿತ್ತು.

ಮನುಷ್ಯನನ್ನು ಗೊಂಬೆ ಅಂದು, ದೇವರನ್ನು ಸೂತ್ರಧಾರ ಅಂದು ನಮ್ಮಲ್ಲಿ ಎಷ್ಟೋ ಉಪನ್ಯಾಸಗಳಾಗಿವೆ. ನಾಟಕದ ಸೂತ್ರಧಾರನೂ ಗೊಂಬೆಯಾಟದಿಂದಲೇ ಬಂದವನೆಂದು ಕೆಲವು ಪಂಡಿತರು ಹೇಳುತ್ತಾರೆ. ಇರಬಹುದು. ಆದರೆ ಅದೆಲ್ಲ ಮೇಲಿನಿಂದ ದಾರ ಎಳೆಯುವ ಗೊಂಬೆಯ ವೇದಾಂತ. ಕೈಗೊಂಬೆಯನ್ನು ಆಡಿಸುವವರು ಮೇಲೆ ಇರುವುದಿಲ್ಲ, ಕೆಳಗೆ ಇರುತ್ತಾರೆ, ಅದೂ ಬೆಡ್‌ಶೀಟಿನೊಳಗೆ ಬೆವರುತ್ತ. ಈ ಬಗೆಯ ದೇವರ ಮೇಲೆ ಉಪನ್ಯಾಸ ಕೇಳಿದ ನೆನಪು ನನಗಿಲ್ಲ.

ಹೊಸ ಫೋಟೋ ಹಾಕಿದ ಮೇಲೆ ಗೊಂಬೆಗಳು ಒಂದೊಂದಾಗಿ ಹೋಗತೊಡಗಿದವು. ನಾನು ತರಬೇತಿದಾರರನ್ನು ನೆನೆದು ಎರಡೆರಡು ಸಲ ಟೀ ಕುಡಿದೆ. ಅಷ್ಟರಲ್ಲಿ ಕಂಡಕ್ಟರನನ್ನು ತರಿಸಿಕೊಂಡಿದ್ದ ಹುಬ್ಬಳ್ಳಿಯ ಒಬ್ಬ ಹೆಂಗಸು ದೂರು ಬರೆದರು. ಫೋಟೋದಲ್ಲಿ ಗೊಂಬೆ ನಮ್ಮನ್ನೇ ನೋಡುತ್ತಿತ್ತು, ಡಬ್ಬಿಯಲ್ಲಿ ಬಂದದ್ದು ಬರೀ ಬಟ್ಟೆ, ಮೋಸ, ವಾಪಸು ಕಳಿಸುತ್ತೇವೆ. ಶೋಕೇಸಿನಲ್ಲಿ ನಿಲ್ಲಿಸಲು ನೋಡಿದರಂತೆ, ನಿಲ್ಲಲಿಲ್ಲವಂತೆ. ಓದಿ ನನ್ನ ಮೈಯೆಲ್ಲ ಉರಿಯಿತು. ಕೈಗೊಂಬೆ ತರಿಸಿಕೊಂಡು ಕೈ ಹಾಕದವರನ್ನು ಏನೆಂದು ಕರೆಯಬೇಕೋ, ಆ ಪದಗಳನ್ನೆಲ್ಲ ಟೈಪು ಮಾಡಿ, ಓದಿ ಸಂತೋಷಪಟ್ಟು, ಅಳಿಸಿದೆ.

ಚಿಕ್ಕತಾಯಮ್ಮನಿಗೆ ಮಾತ್ರ ಸಿಟ್ಟು ಬರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. ಬಟ್ಟೆ ಅಂದರಲ್ಲ ಎಂದು ಅವಳು ಅದೊಂದೇ ಮಾತನ್ನು ಹಿಡಿದು ಕೂತಳು.

“ಬ್ಯಾಡ ಬುಡಿ ಸಾ,” ಅಂದಳು. “ಬಟ್ಟೆನೇ ಒಲ್ಯದಾದ್ರೆ ಕಂಡೋರ ಸರ್ಟಿಗೆ ಕಾಲರ್ ಒಲೀತೀನಿ. ಅದು ಯಾರನ್ನೂ ನೋಡ್ಬೇಕಾಗಿಲ್ಲ.” ಸೋಮವಾರದಿಂದ ಬರುತ್ತೇನೆ ಎಂದು ತಂಗಿಗೂ ಹೇಳಿಬಿಟ್ಟಿದ್ದಳು.

ಅವಳು ಹೋದ ಮೇಲೆ ನಾನು ಆನ್‌ಲೈನಿನಲ್ಲಿ ಗೊಂಬೆಯ ಕೆಳಗಿದ್ದ ಬರಹದಿಂದ ಆ ಕೊನೆಯ ಕೊಂಡಿಯನ್ನು ಮೊದಲು ಕಿತ್ತುಹಾಕಿದೆ. ಎಲ್ಲರ ಹಾಗೆ ನಾವೂ ಸೇರಿಸಿದ್ದ ಸಾಂಪ್ರದಾಯಿಕ ಹೋಯಿತು, ಗೃಹಪ್ರವೇಶ ಹೋಯಿತು, ಆಫೀಸ್ ಮೇಜು ಹೋಯಿತು. ಆಟದ ಸಾಮಾನಿನ ಡಬ್ಬಿಯ ಮೇಲೆ ಬ್ಯಾಟರಿ ಬೇರೆ ತೆಗೆದುಕೊಳ್ಳಬೇಕು ಎಂದು ಬರೆದಿರುತ್ತಾರಲ್ಲ, ಅದೇ ಧಾಟಿಯಲ್ಲಿ ಬರೆದೆ: ‘ಇದು ಬಸ್ ಕಂಡಕ್ಟರ್. ಇದರ ಜೊತೆ ಕೈ ಬರುವುದಿಲ್ಲ, ನಿಮ್ಮದೇ ಹಾಕಿಕೊಳ್ಳಬೇಕು. ಹಾಕಿದ ಮೇಲೆ ಸುಮ್ಮನಿರಬಾರದು, ಬಯ್ಯಬೇಕು.’ ಆ ವಾಕ್ಯಗಳಲ್ಲಿ ಕ್ರಿಯಾಪದಗಳಿದ್ದವು. ಅದನ್ನೇ ಹುಬ್ಬಳ್ಳಿಯ ಆ ಹೆಂಗಸಿಗೂ ಕಳಿಸಿದೆ. ಅವರು ಓದಿದರು, ಉತ್ತರ ಕೊಡಲಿಲ್ಲ. ಭಾನುವಾರವೂ ಕೊಡಲಿಲ್ಲ.

ಸೋಮವಾರ ಬೆಳಿಗ್ಗೆ ಷಟರ್ ಎತ್ತುತ್ತಿದ್ದಾಗ ಫೋನು ಸದ್ದು ಮಾಡಿತು. ಗೊಂಬೆಯನ್ನು ವಾಪಸು ಕಳಿಸುವುದಿಲ್ಲ ಎಂದು ಬರೆದಿದ್ದರು. ಅವರ ಮಾವನವರು ಅದನ್ನು ಕೈಗೆ ಹಾಕಿಕೊಂಡವರು ನಿನ್ನೆಯಿಂದ ತೆಗೆದಿಲ್ಲವಂತೆ, ಮನೆಯವರನ್ನೆಲ್ಲ ಅಡುಗೆಮನೆಯ ಕಡೆಗೆ ಮುಂದೆ ಹೋಗಿ ಮುಂದೆ ಹೋಗಿ ಎಂದು ತಳ್ಳುತ್ತಿದ್ದಾರಂತೆ. ಈಗ ಇನ್ನೊಂದು ಬೇಕಂತೆ: ಚಿಲ್ಲರೆ ಇಲ್ಲದ ಒಬ್ಬ ಪ್ಯಾಸೆಂಜರ್.

ಷಟರ್ ಅರ್ಧಕ್ಕೇ ಬಿಟ್ಟು ಚಿಕ್ಕತಾಯಮ್ಮನಿಗೆ ಫೋನ್ ಮಾಡಿದೆ. ಅವಳು ಊರ ಬಾಗಿಲಲ್ಲಿ ಊಟದ ಡಬ್ಬಿ ಹಿಡಿದು ನಿಂತಿದ್ದಳು. ಓದಿ ಹೇಳಿದೆ. ಆ ಕಡೆ ವ್ಯಾನಿನ ಹಾರನ್ ಕೇಳಿಸಿತು, ಮತ್ತೊಮ್ಮೆ ಕೇಳಿಸಿತು. “ನೀನ್ ಓಗಪ್ಪ, ನಾನ್ ಬರಕಿಲ್ಲ,” ಅಂದಳು. ಅದು ನನಗಲ್ಲ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಆಮೇಲೆ ನನ್ನನ್ನು ಕೇಳಿದಳು: “ಒಬ್ನೇ ಸಾಕಂತಾ ಸಾ? ಒಬ್ಬ ಪ್ಯಾಸೆಂಜರ್‌ಗೆ ಯಾರ್ ಬಸ್ ಬುಡ್ತಾರೆ?”