ಮೂರನೆಯ ಚುಕ್ಕಿ

ನಾನು ಚಿಕ್ಕವಳಿದ್ದಾಗ ಸುಳ್ಳು ಹೇಳುವುದು ನನಗೆ ನೀರು ಕುಡಿದಷ್ಟು ಸುಲಭ. ನಗಬೇಡಿ ಮಕ್ಕಳೇ. ಆ ಚಟ ಬಿಟ್ಟುಹೋದದ್ದು ಬಾದಾಮಿ ಸ್ಟೇಷನ್ನಿನಲ್ಲಿ, ಒಂದು ಶನಿವಾರ ಸಂಜೆ.

ಅಪ್ಪ ಅಲ್ಲಿ ಸ್ಟೇಷನ್ ಮಾಸ್ತರರು. ಹಿಂದಿನ ದಿನ ಹೊತ್ತು ಮುಳುಗುವ ಮುಂಚೆ, ತಡವಾಗಿ ಬಂದ ಗಾಡಿಯಿಂದ ಬಿಳಿ ಗಡ್ಡದ ಅಜ್ಜರೊಬ್ಬರು ಇಳಿದಿದ್ದರು. ಅವರು ಯೆಹೂದಿಗಳ ಹಜ್ಜಾನ್, ಅಂದರೆ ಪ್ರಾರ್ಥನೆಯಲ್ಲಿ ಎಲ್ಲರ ಮುಂದೆ ನಿಂತು ಹಾಡುವವರು. ಭಾನುವಾರ ಹುಬ್ಬಳ್ಳಿಯ ಮದುವೆಯೊಂದರಲ್ಲಿ ಅವರು ಹಾಡಬೇಕಿತ್ತು. ಆದರೆ ಶುಕ್ರವಾರ ಸೂರ್ಯ ಮುಳುಗಿದರೆ, ಶನಿವಾರ ಆಕಾಶದಲ್ಲಿ ಮೂರು ಚುಕ್ಕಿ ಕಾಣುವ ತನಕ ಅವರು ಗಾಡಿ ಹತ್ತುವಂತಿಲ್ಲ. ಅದು ಅವರ ವಿಶ್ರಾಂತಿಯ ದಿನ. ಅಪ್ಪ ಅವರನ್ನು ಮನೆಗೆ ಕರೆತಂದರು. ಸೊಲ್ಲಾಪುರದಲ್ಲಿ ಬೆಳೆದ ಅವರಿಗೆ ನಮ್ಮ ಮಾತು ಬರುತ್ತಿತ್ತು.

ಆ ಸಂಜೆ ಬೇವಿನ ಗಿಡದ ಕೆಳಗೆ ನಿಂತು ಅವರು ಹಾಡಿದರು. ದನಿ ಎದೆಯಿಂದ ಎದ್ದು, ನಡುಗಿ, ಎಲ್ಲೋ ಮೇಲೆ ಹೋಗಿ ನಿಲ್ಲುತ್ತಿತ್ತು. ಒಂದು ಪದವೂ ತಿಳಿಯಲಿಲ್ಲ, ಆದರೆ ಮೈ ಜುಮ್ಮೆಂದಿತು. ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ಹಾಗೇ ನಿಂತುಬಿಟ್ಟಿತು.

ಮರುದಿನ ಗಾಡಿ ಮುಸ್ಸಂಜೆಗೆ ಬಂತು. ಪ್ಲಾಟ್‌ಫಾರ್ಮಿನ ತುಂಬ ಕಲ್ಲಿದ್ದಲ ಹೊಗೆ. ಇದು ತಪ್ಪಿದರೆ ಮದುವೆಯೂ ತಪ್ಪಿದಂತೆ.

"ನನ್ನ ಕಣ್ಣು ಮಂಜಾಗ್ಯಾವ ತಂಗಿ. ನೀನ ನೋಡಿ ಹೇಳು," ಅಂದರು ಅಜ್ಜ.

ಎರಡೇ ಚುಕ್ಕಿ ಇದ್ದವು. ಗಾರ್ಡ್ ಸೀಟಿ ಊದಿದ. ನನಗೆ ತಡೆಯಲಾಗಲಿಲ್ಲ. "ಮೂರನೇದು ಬಂತ್ರಿ ಅಜ್ಜಾರ!" ಎಂದು ಗುಡ್ಡದ ಕಡೆ ಬೆರಳು ಮಾಡಿದೆ.

ಅವರು ಆ ಕಡೆ ತಿರುಗಿಯೂ ನೋಡಲಿಲ್ಲ. ಚೀಲ ಎತ್ತಿಕೊಂಡು ಮೆಟ್ಟಿಲ ಮೇಲೆ ಕಾಲಿಟ್ಟರು. ಅಷ್ಟು ನಂಬಿಕೆ ಕಂಡು ನನಗೆ ಹೆದರಿಕೆಯಾಯಿತು. ಓಡಿಹೋಗಿ ಅವರ ಕೋಟು ಹಿಡಿದೆ.

"ಇಲ್ರಿ ಅಜ್ಜಾರ, ನಾ ಸುಳ್ಳ ಹೇಳಿದೆ. ಎರಡ ಅದಾವ."

ಅವರು ಕಾಲು ಕೆಳಗಿಟ್ಟರು. ಗಾಡಿ ಹೋಗೇಬಿಟ್ಟಿತು. ನಾನು ಗೊಳೋ ಎಂದು ಅತ್ತೆ.

"ಅಳಬ್ಯಾಡ. ಸುಳ್ಳ ಚುಕ್ಕಿ ನಂಬಿ ಹೋಗಿದ್ರ ಮದುವ್ಯಾಗ ನನ್ನ ದನಿ ಹೆಂಗ ಏಳ್ತಿತ್ತು? ನೀನ ಉಳಿಸಿದಿ," ಅಂದರು.

ಹೊಗೆ ಕರಗಿತು. ನಾನು ತೋರಿಸಿದ ಕಡೆಯಲ್ಲ, ಬೇರೆಯೇ ಕಡೆ ಮೂರನೆಯ ಚುಕ್ಕಿ ಇತ್ತು! ವಿಶ್ರಾಂತಿಯ ದಿನವನ್ನು ಬೀಳ್ಕೊಡುವ ಪ್ರಾರ್ಥನೆಗೆ ದ್ರಾಕ್ಷಿರಸ, ಪರಿಮಳ, ದೀಪ ಬೇಕೆಂದು ಅಜ್ಜ ಹೇಳಿದ್ದರು; ಅವ್ವ ಒಣದ್ರಾಕ್ಷಿ ನೆನೆಸಿದ ನೀರನ್ನೂ ಲವಂಗವನ್ನೂ ತಂದಳು. ಅಪ್ಪನ ಕಂದೀಲಿನ ಮುಂದೆ, ಲವಂಗ ಮೂಸಿ, ಅಜ್ಜ ದನಿಯೆತ್ತಿದರು. ಹಮಾಲರು ತಲೆಯ ಟವೆಲು ತೆಗೆದು ನಿಂತರು. ಆಕಾಶವೂ ಕೇಳುತ್ತಿದೆ ಅನ್ನಿಸಿತು ನನಗೆ.

ಆಮೇಲೆ ಗೂಡ್ಸ್ ಗಾಡಿ ಬಂತು. ಎಂದೂ ಕಾಯ್ದೆ ಮೀರದ ಅಪ್ಪ ಅದರ ಗಾರ್ಡಿಗೆ ಕೈಮುಗಿದರು: "ಇವರು ನಸುಕಿನ್ಯಾಗ ಹುಬ್ಬಳ್ಳಿ ಮುಟ್ಟಬೇಕ್ರಿ. ನಿಮ್ಮ ಡಬ್ಬಿದಾಗ ಜಾಗಾ ಕೊಡ್ರಿ." ಕೊನೆಯ ಡಬ್ಬಿಯ ಕೆಂಪು ದೀಪ ತಿರುವಿನಲ್ಲಿ ಮರೆಯಾಗುವ ತನಕ ಹಾಡು ಕೇಳುತ್ತಿತ್ತು. ಮದುವೆಗೆ ಮುಟ್ಟಿದೆನೆಂದು ವಾರದಲ್ಲಿ ಕಾರ್ಡು ಬಂತು.

ನಿಮ್ಮ ಫೋನು ಸೂರ್ಯ ಮುಳುಗುವ ನಿಮಿಷವನ್ನೂ ಹೇಳುತ್ತದೆ, ಚುಕ್ಕಿಗಳ ಹೆಸರನ್ನೂ ಹೇಳುತ್ತದೆ. ಒಳ್ಳೆಯದೇ. ಅಂದು ಆ ಅಜ್ಜರಿಗೆ ಇದ್ದದ್ದು ಒಂಬತ್ತು ವರ್ಷದ ಒಬ್ಬ ಸುಳ್ಳಿಯ ಕಣ್ಣು ಮಾತ್ರ. ಈಗ ನನ್ನ ಕಣ್ಣೂ ಮಂಜು. ಮಾಳಿಗೆಯ ಮೇಲೆ ಚುಕ್ಕಿ ಎಣಿಸುತ್ತ ನೀವು "ಅಜ್ಜಿ, ಮೂರು ಬಂದವು" ಎಂದಾಗ ನಾನು ತಲೆ ಎತ್ತಿ ನೋಡುವುದಿಲ್ಲ. ನಂಬಿಬಿಡುತ್ತೇನೆ.